ಅಕ್ಕಿಯಿಂದ ಭತ್ತ ಆಗಲ್ಲ: ಮನೆಯಲ್ಲಿ ಮಾಡಿದ ಹಾಡಿಗೆ ಯಾವ ಆಡಿಯೋ ಫಾರ್ಮ್ಯಾಟ್?

ಕೆಲವು ವರ್ಷಗಳ ಹಿಂದೆ ನಮ್ಮ ಸೋದರತ್ತೆಯನ್ನು ಕೂರಿಸಿಕೊಂಡು ಅವರ ಸೋಬಾನೆ ಪದಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. ಯಾವುದೋ ಪುಕ್ಕಟೆ ಆ್ಯಪ್. ಅದು ಯಾವ ಫಾರ್ಮ್ಯಾಟ್‌ನಲ್ಲಿ ಉಳಿಸುತ್ತದೆ ಅಂತ ನೋಡುವ ಬುದ್ಧಿ ಇರಲಿಲ್ಲ. ಆಮೇಲೆ ಕೆಮ್ಮು, ನಾಯಿ ಬೊಗಳಿದ್ದು ಎಲ್ಲ ಕತ್ತರಿಸಿ ಎಂಪಿ3 ಮಾಡಿದೆ. ದನಿ ಸಣ್ಣಗಿದೆ ಅನ್ನಿಸಿತು, ಏರಿಸಿ ಇನ್ನೊಂದು ಎಂಪಿ3. ಮದುವೆ ವಿಡಿಯೋಗೆ ಬೇಕು ಅಂದರು, ಮತ್ತೊಂದು. ಮೂಲ ಫೈಲನ್ನು ಫೋನಿನಲ್ಲಿ ಜಾಗ ಸಾಲದೆ ಅಳಿಸಿಬಿಟ್ಟಿದ್ದೆ. ಕೊನೆಗೆ ಅತ್ತೆಗೆ ಕೇಳಿಸಿದರೆ, "ಇದೇನೋ, ನಂಗೆ ನೆಗಡಿ ಆದಂಗೆ ಕೇಳ್ತದಲ್ಲೋ" ಅಂದರು. ತಾಳದ ಕಿಣಿಕಿಣಿ ಸದ್ದು ನೀರಿನೊಳಗಿಂದ ಬಂದ ಹಾಗಿತ್ತು.

ಆ ತಪ್ಪಿನಿಂದ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಕೂತು ಹಾಡು ಮಾಡುವವರಿಗೆ, ಭಜನೆ ರೆಕಾರ್ಡ್ ಮಾಡುವವರಿಗೆ, ಅಜ್ಜಿಯ ಪದಗಳನ್ನು ಉಳಿಸಿಕೊಳ್ಳುವ ಆಸೆ ಇರುವವರಿಗೆ ಇಷ್ಟು ಸಾಕು. ದುಬಾರಿ ಸಾಮಾನು ಏನೂ ಬೇಡ.

ಮೊದಲು ಒಂದು ಮಾತು: ಭತ್ತ ಮತ್ತು ಅಕ್ಕಿ

ಭತ್ತವನ್ನು ಮಿಲ್ಲಿಗೆ ಹಾಕಿಸಿ ಅಕ್ಕಿ ಮಾಡಿಸಬಹುದು. ಅಕ್ಕಿಯನ್ನು ಮತ್ತೆ ಭತ್ತ ಮಾಡಲು ಆಗುವುದಿಲ್ಲ, ಬಿತ್ತಲೂ ಆಗುವುದಿಲ್ಲ. ಆಡಿಯೋ ಫೈಲುಗಳ ಕತೆಯೂ ಹೆಚ್ಚುಕಡಿಮೆ ಇದೇ.

ವೇವ್ ಫೈಲ್ ಅಂದರೆ ಭತ್ತ. 1991ರಲ್ಲಿ ಮೈಕ್ರೋಸಾಫ್ಟ್ ಮತ್ತು ಐಬಿಎಂ ಸೇರಿ ಮಾಡಿದ ಫಾರ್ಮ್ಯಾಟ್ ಇದು. ಮೈಕ್ ಹಿಡಿದದ್ದನ್ನೆಲ್ಲ ಹಾಗೇ ಬರೆದಿಡುತ್ತದೆ. ಆ್ಯಪಲ್‌ನವರ ಎಐಎಫ್‌ಎಫ್ ಕೂಡ ಇದೇ ಜಾತಿ.

ಎಂಪಿ3, ಎಎಸಿ, ಆಗ್ ವಾರ್ಬಿಸ್, ಓಪಸ್ ಇವೆಲ್ಲ ಅಕ್ಕಿ. ಮನುಷ್ಯರ ಕಿವಿಗೆ ಕೇಳಿಸದು ಅಂತ ತಮಗೆ ಅನ್ನಿಸಿದ ಭಾಗವನ್ನು ತೆಗೆದುಹಾಕಿ ಫೈಲನ್ನು ಚಿಕ್ಕದು ಮಾಡುತ್ತವೆ. ಜೋರಾದ ಸದ್ದಿನ ಪಕ್ಕದಲ್ಲೇ ಇರುವ ಮೆಲ್ಲನೆಯ ಸದ್ದು ನಮಗೆ ಗೊತ್ತಾಗುವುದಿಲ್ಲ, ಅಂಥವನ್ನು ಒರಟಾಗಿ ಬರೆದು ಜಾಗ ಉಳಿಸುತ್ತವೆ. ಒಂದು ಸಲ ಪಾಲಿಶ್ ಆದರೆ ತಿನ್ನಲು ಚೆನ್ನಾಗಿಯೇ ಇರುತ್ತದೆ. ಅದನ್ನೇ ಮೂರು ಸಲ ಪಾಲಿಶ್ ಮಾಡಿಸಿದರೆ ನುಚ್ಚು. ಅತ್ತೆಯ ಹಾಡಿಗೆ ನಾನು ಮಾಡಿದ್ದು ಅದನ್ನೇ.

ಇವೆರಡರ ನಡುವೆ ಫ್ಲ್ಯಾಕ್ ಇದೆ. ಭತ್ತವನ್ನೇ ಚೀಲದಲ್ಲಿ ಒತ್ತಿ ತುಂಬಿದ ಹಾಗೆ. ಜಾಗ ಕಡಿಮೆ, ಆದರೆ ಒಂದು ಕಾಳೂ ಹೋಗುವುದಿಲ್ಲ. ಬಿಚ್ಚಿದರೆ ವೇವ್‌ನಲ್ಲಿದ್ದ ಸದ್ದೇ, ಬಿಟ್ ಬಿಟ್ ಲೆಕ್ಕದಲ್ಲಿ ಹಾಗೇ ಸಿಗುತ್ತದೆ. ಆ್ಯಪಲ್‌ನವರ ಎಎಲ್‌ಎಸಿಯೂ ಇಂಥದ್ದೇ.

ಹೆಜ್ಜೆ 1: ರೆಕಾರ್ಡ್ ಒತ್ತುವ ಮೊದಲು ಸೆಟ್ಟಿಂಗ್ಸ್ ತೆರೆಯಿರಿ

ಎಲ್ಲ ಎಡವಟ್ಟು ಶುರುವಾಗುವುದು ಇಲ್ಲಿಂದ. ಫೋನಿನ ರೆಕಾರ್ಡರ್ ಆ್ಯಪ್‌ಗಳು ಮಾತು ಹಿಡಿಯಲು ಮಾಡಿದವು, ಸಂಗೀತಕ್ಕಲ್ಲ. ಏನೂ ಮುಟ್ಟದಿದ್ದರೆ ಸಾಮಾನ್ಯವಾಗಿ ಎಂ4ಎ ಫೈಲ್ ಮಾಡುತ್ತವೆ. ಹಳೆಯ ಫೋನುಗಳಲ್ಲಿ ಎಎಂಆರ್ ಅಂತ ಒಂದಿತ್ತು. ಅದು ಸೆಕೆಂಡಿಗೆ 8,000 ಸಲ ಮಾತ್ರ ಸದ್ದನ್ನು ಅಳೆಯುತ್ತದೆ. ಫೋನ್ ಕರೆಯ ದನಿ ಹೇಗಿರುತ್ತದೋ ಹಾಗೆ. ನಿಮ್ಮ ಹಳೆಯ ರೆಕಾರ್ಡಿಂಗ್‌ಗಳಲ್ಲಿ ಎಎಂಆರ್ ಇದ್ದರೆ ಅದನ್ನು ಸರಿಮಾಡುವ ದಾರಿ ಇಲ್ಲ. ಹಾಗೇ ಜೋಪಾನವಾಗಿ ಇಟ್ಟುಕೊಳ್ಳಿ.

ಐಫೋನ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ವಾಯ್ಸ್ ಮೆಮೋಸ್‌ಗೆ ಹೋಗಿ, ಆಡಿಯೋ ಕ್ವಾಲಿಟಿಯಲ್ಲಿ 'ಕಂಪ್ರೆಸ್ಡ್' ಇರುವುದನ್ನು 'ಲಾಸ್‌ಲೆಸ್' ಮಾಡಿ. ಇಲ್ಲಿ ಒಂದು ತಮಾಷೆ ಇದೆ. ಎರಡರಲ್ಲೂ ಫೈಲಿನ ಕೊನೆಯಲ್ಲಿ ಎಂ4ಎ ಅಂತಲೇ ಇರುತ್ತದೆ. ಎಂ4ಎ ಅನ್ನುವುದು ಚೀಲದ ಹೆಸರು, ಒಳಗಿರುವುದು ಎಎಸಿ ಆಗಬಹುದು, ಎಎಲ್‌ಎಸಿಯೂ ಆಗಬಹುದು. ಗಾತ್ರ ನೋಡಿದರೆ ಸುಳಿವು ಸಿಗುತ್ತದೆ: ನಿಮಿಷಕ್ಕೆ ಒಂದು ಎಂಬಿ ಆಸುಪಾಸು ಇದ್ದರೆ ಅದು ಅಕ್ಕಿ.

ಆಂಡ್ರಾಯ್ಡ್‌ನಲ್ಲಿ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ವೇವ್ ಅಥವಾ ಪಿಸಿಎಂ (ವೇವ್ ಒಳಗೆ ಸದ್ದನ್ನು ಬರೆಯುವ ರೀತಿಯ ಹೆಸರು) ಅನ್ನುವ ಆಯ್ಕೆ ಇದೆಯಾ ನೋಡಿ. ಇಲ್ಲದಿದ್ದರೆ ಅದಿರುವ ಬೇರೆ ಆ್ಯಪ್ ಹಾಕಿಕೊಳ್ಳಿ, ಹುಡುಕಿದರೆ ಪುಕ್ಕಟೆಯಾಗಿಯೇ ಸಿಗುತ್ತವೆ.

ಇನ್ನೆರಡು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಇವು ಫಾರ್ಮ್ಯಾಟಿನ ವಿಷಯ ಅಲ್ಲ, ಆದರೆ ಯಾವ ಫಾರ್ಮ್ಯಾಟ್ ಹಾಕಿದರೂ ಇವು ಕೆಟ್ಟರೆ ಪ್ರಯೋಜನವಿಲ್ಲ. ಒಂದು, ಬ್ಲೂಟೂತ್ ಇಯರ್‌ಫೋನಿನ ಮೈಕಿನಲ್ಲಿ ಹಾಡಬೇಡಿ. ಮೈಕ್ ಆನ್ ಆದ ತಕ್ಷಣ ಬ್ಲೂಟೂತ್ ಸಾಮಾನ್ಯವಾಗಿ ಫೋನ್ ಕರೆಯ ಗುಣಮಟ್ಟಕ್ಕೆ ಇಳಿಯುತ್ತದೆ. ಸೆಕೆಂಡಿಗೆ 8,000 ಅಥವಾ 16,000 ಅಳತೆ ಅಷ್ಟೇ. ಆ್ಯಪ್ ಅದನ್ನು ದೊಡ್ಡ ವೇವ್ ಫೈಲಾಗಿ ಉಳಿಸಬಹುದು, ಒಳಗೆ ಇರುವುದು ಮಾತ್ರ ಫೋನ್ ದನಿ. ಎರಡು, 'ನಾಯ್ಸ್ ಸಪ್ರೆಶನ್' ಅಂತ ಇದ್ದರೆ ಆಫ್ ಮಾಡಿ. ಒಂದೇ ಸಮನೆ ಬರುವ ಸದ್ದೆಲ್ಲ ಗದ್ದಲ ಅಂತ ಅದರ ಲೆಕ್ಕ. ತಂಬೂರಿಯನ್ನೂ ಅದು ಫ್ಯಾನ್ ಅಂದುಕೊಂಡು ಅಳಿಸಲು ನೋಡುತ್ತದೆ!

ಹೆಜ್ಜೆ 2: ಎರಡು ಅಂಕಿ ಆರಿಸಿ

ವೇವ್ ಆಯ್ಕೆ ಮಾಡಿದ ಕೂಡಲೇ ಆ್ಯಪ್ ಎರಡು ಪ್ರಶ್ನೆ ಕೇಳುತ್ತದೆ. ಸ್ಯಾಂಪಲ್ ರೇಟ್ ಎಷ್ಟು? ಬಿಟ್ ಡೆಪ್ತ್ ಎಷ್ಟು?

ಸ್ಯಾಂಪಲ್ ರೇಟ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯಬೇಕು ಅನ್ನುವುದು. ಸಿಡಿಯಲ್ಲಿ ಇದು 44.1 ಕಿಲೋಹರ್ಟ್ಸ್, ಅಂದರೆ 44,100 ಸಲ. ಅಳತೆಯ ಅರ್ಧದಷ್ಟು ಎತ್ತರದ ಸದ್ದಿನವರೆಗೆ ಹಿಡಿಯಬಹುದು. ಮನುಷ್ಯರ ಕಿವಿ ಹೆಚ್ಚೆಂದರೆ 20 ಕಿಲೋಹರ್ಟ್ಸ್ ಕೇಳುತ್ತದೆ, ವಯಸ್ಸಾದಂತೆ ಅದೂ ಇಳಿಯುತ್ತದೆ. ಹಾಗಾಗಿ 44.1 ಸಾಕು. ವಿಡಿಯೋಗೆ ಹಾಕುವ ಯೋಚನೆ ಇದ್ದರೆ 48 ಇಡಿ, ವಿಡಿಯೋ ಲೋಕದಲ್ಲಿ ಅದೇ ರೂಢಿ. ನಾನು ಯಾವಾಗಲೂ 48 ಇಡುತ್ತೇನೆ. 96 ಅಂತ ಕಂಡರೆ ಆಸೆ ಪಡಬೇಡಿ. ಫೋನ್ ಮೈಕಿಗೆ 96 ಇಡುವುದು ಅಂದರೆ ಲೋಟದ ಹಾಲಿಗೆ ಹಂಡೆ ಹುಡುಕಿದ ಹಾಗೆ.

ಬಿಟ್ ಡೆಪ್ತ್ ಜಾಸ್ತಿ ಮುಖ್ಯ. ಒಂದೊಂದು ಅಳತೆಯನ್ನು ಎಷ್ಟು ನುಣುಪಾಗಿ ಬರೆಯಬೇಕು ಅನ್ನುವುದು ಇದು. 16 ಬಿಟ್‌ನಲ್ಲಿ 65,536 ಮೆಟ್ಟಿಲು. 24 ಬಿಟ್‌ನಲ್ಲಿ 1 ಕೋಟಿ 67 ಲಕ್ಷಕ್ಕೂ ಮಿಕ್ಕಿ. ಕೇಳುವಾಗ 16 ಸಾಕೇ ಸಾಕು, ಸಿಡಿಯಲ್ಲಿ ಇರುವುದು ಅಷ್ಟೇ. ರೆಕಾರ್ಡ್ ಮಾಡುವಾಗ ಮಾತ್ರ 24 ಇಡಿ. ಯಾಕೆಂದರೆ ಆಗ ದನಿಯನ್ನು ಧೈರ್ಯವಾಗಿ ಮೆಲ್ಲಗೆ ಹಿಡಿಯಬಹುದು. ಜೋರಾಗಿ ಹಾಡಿದಾಗಲೂ ಮೀಟರ್ ಮೈನಸ್ 12 ಡೆಸಿಬಲ್ ಹತ್ತಿರ ನಿಲ್ಲಲಿ (ಸೊನ್ನೆ ಅಂದರೆ ದನಿ ಒಡೆಯುವ ಅಂಚು). ತಾರಸ್ಥಾಯಿಗೆ ಹೋದಾಗ ಒಡೆಯುವುದಿಲ್ಲ, ಆಮೇಲೆ ಏರಿಸಿದರೆ ಗೊರಗೊರ ಸದ್ದೂ ಬರುವುದಿಲ್ಲ. ನಿಮ್ಮ ಫೋನಿನಲ್ಲಿ 24 ಸಿಗದಿದ್ದರೆ 16 ಇಟ್ಟು ಮುಂದುವರಿಯಿರಿ. ಅದಕ್ಕಾಗಿ ಹಾಡು ನಿಲ್ಲಿಸಬೇಡಿ.

ಮೋನೋನಾ (ಎರಡು ಕಿವಿಗೂ ಒಂದೇ ಸದ್ದು) ಸ್ಟೀರಿಯೋನಾ (ಎಡಕ್ಕೊಂದು, ಬಲಕ್ಕೊಂದು)? ಒಂದೇ ಮೈಕ್ ಇದ್ದರೆ ಮೋನೋ. ಅದನ್ನು ಸ್ಟೀರಿಯೋ ಮಾಡಿದರೆ ಒಂದೇ ಸದ್ದನ್ನು ಎರಡು ಸಲ ಬರೆದ ಹಾಗೆ. ಫೈಲ್ ದಪ್ಪ ಆಗುತ್ತದೆ, ಬೇರೇನೂ ಇಲ್ಲ.

ಗಾತ್ರದ ಲೆಕ್ಕ ಹೀಗಿದೆ. 24 ಬಿಟ್, 48 ಕಿಲೋಹರ್ಟ್ಸ್, ಸ್ಟೀರಿಯೋ ವೇವ್ ನಿಮಿಷಕ್ಕೆ ಸುಮಾರು 17 ಎಂಬಿ. ಮೋನೋ ಆದರೆ ಅದರ ಅರ್ಧ. ಸಿಡಿ ಗುಣಮಟ್ಟದ ಸ್ಟೀರಿಯೋ ನಿಮಿಷಕ್ಕೆ 10 ಎಂಬಿ ಚಿಲ್ಲರೆ.

ಅಹೋರಾತ್ರಿ ಭಜನೆ ಅಥವಾ ಇಡೀ ರಾತ್ರಿಯ ಯಕ್ಷಗಾನ ಹಿಡಿಯುವವರಿಗೆ ಒಂದು ಎಚ್ಚರಿಕೆ. ಮಾಮೂಲಿ ವೇವ್ ಫೈಲ್ 4 ಜಿಬಿ ದಾಟುವಂತಿಲ್ಲ. ಮೇಲಿನ ಸ್ಟೀರಿಯೋ ಲೆಕ್ಕದಲ್ಲಿ ಅದು ನಾಲ್ಕು ಗಂಟೆಗೆ ತುಂಬುತ್ತದೆ. ಕೆಲವು ರೆಕಾರ್ಡರ್‌ಗಳು ತಾವೇ ಹೊಸ ಫೈಲ್ ಶುರು ಮಾಡುತ್ತವೆ, ಕೆಲವು ಸುಮ್ನೆ ನಿಂತುಬಿಡುತ್ತವೆ. ಗಂಟೆಗೊಮ್ಮೆ, ಚಹಾ ಬಂದಾಗ, ನಿಲ್ಲಿಸಿ ಹೊಸದಾಗಿ ಶುರು ಮಾಡಿದರೆ ಚಿಂತೆ ಇಲ್ಲ.

ಹೆಜ್ಜೆ 3: ಎಡಿಟ್ ಮಾಡುವಾಗ ನಡುವೆ ಎಂಪಿ3 ಬೇಡ

ಕಂಪ್ಯೂಟರಿನಲ್ಲಿ ಆಡಾಸಿಟಿ ಇದ್ದರೆ ಸಾಕು. ಉಚಿತ ತಂತ್ರಾಂಶ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಒಳಗೆ ಅದು 32 ಬಿಟ್ ಫ್ಲೋಟ್ ಅನ್ನುವ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಎಡಿಟ್ ಮಾಡುತ್ತಾ ದನಿ ಮಿತಿಮೀರಿ ಏರಿದರೂ ಮತ್ತೆ ಇಳಿಸಿ ಸರಿಮಾಡಿಕೊಳ್ಳಬಹುದು.

ಇವತ್ತು ಅರ್ಧ ಕೆಲಸ ಮಾಡಿ ನಾಳೆ ಮುಂದುವರಿಸುವುದಾದರೆ 'ಸೇವ್ ಪ್ರಾಜೆಕ್ಟ್' ಒತ್ತಿ. ಎಕ್ಸ್‌ಪೋರ್ಟ್ ಮಾಡಿ, ಅದನ್ನೇ ನಾಳೆ ಮತ್ತೆ ತೆರೆಯುವ ಅಭ್ಯಾಸ ಬೇಡ. ಗೆಳೆಯರು ಪಿಟೀಲು ನುಡಿಸಿ ಸೇರಿಸುತ್ತೇನೆ ಅಂದರೆ ಅವರಿಗೆ ವೇವ್ ಅಥವಾ ಫ್ಲ್ಯಾಕ್ ಕಳಿಸಿ, ಅವರಿಂದಲೂ ಅದನ್ನೇ ಕೇಳಿ. ಇಬ್ಬರೂ ಒಂದೇ ಸ್ಯಾಂಪಲ್ ರೇಟ್ ಇಟ್ಟುಕೊಂಡರೆ ತಂತ್ರಾಂಶಕ್ಕೆ ಪರಿವರ್ತನೆಯ ಕೆಲಸ ಇರುವುದಿಲ್ಲ. ಕೆಲವರು ಎಂಪಿ3ಯನ್ನೇ ವೇವ್ ಮಾಡಿ ಕಳಿಸುತ್ತಾರೆ. ಅಕ್ಕಿಯನ್ನು ಭತ್ತದ ಚೀಲದಲ್ಲಿ ತುಂಬಿದರೆ ಭತ್ತ ಆಗುತ್ತದಾ?

ಇದನ್ನು ಪತ್ತೆ ಮಾಡುವುದು ಸುಲಭ. ಆಡಾಸಿಟಿಯಲ್ಲಿ ಟ್ರ್ಯಾಕ್ ಹೆಸರಿನ ಪಕ್ಕದ ಮೆನು ತೆರೆದು 'ಸ್ಪೆಕ್ಟ್ರೋಗ್ರಾಮ್' ಆರಿಸಿ. ಯಾವ ಎತ್ತರದ ಸದ್ದು ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಚಿತ್ರ ಅದು. 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಆಗಿದ್ದ ಹಾಡಾದರೆ ಸಾಮಾನ್ಯವಾಗಿ 16 ಕಿಲೋಹರ್ಟ್ಸ್ ಹತ್ತಿರ ಚಾಕುವಿನಿಂದ ಕೊಯ್ದಂತೆ ಬಣ್ಣ ನಿಂತಿರುತ್ತದೆ. ತಾಳ, ಗೆಜ್ಜೆ ಇರುವ ಹಾಡುಗಳಲ್ಲಿ ಇದು ಎದ್ದು ಕಾಣುತ್ತದೆ.

ಹೆಜ್ಜೆ 4: ಮೂಲಪ್ರತಿ ಮಾಡಿ, ಫ್ಲ್ಯಾಕ್‌ನಲ್ಲಿ ಇಡಿ

ಹಾಡು ಮುಗಿಯಿತು. ಈಗ ಮೊದಲು ಮಾಡಬೇಕಾದ್ದು ಮೂಲಪ್ರತಿ. ವಾಟ್ಸಾಪ್ ಆಮೇಲೆ.

ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಆರಿಸಿ. ಫಾರ್ಮ್ಯಾಟ್ ಫ್ಲ್ಯಾಕ್, ಬಿಟ್ ಡೆಪ್ತ್ 24. ಕೆಳಗೆ 0ಯಿಂದ 8ರವರೆಗೆ 'ಲೆವೆಲ್' ಅಂತ ಇರುತ್ತದೆ. ಇಲ್ಲಿ ಬಹಳ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಅದು ಗುಣಮಟ್ಟ ಅಲ್ಲ. ಎಷ್ಟು ಕಷ್ಟಪಟ್ಟು ಒತ್ತಿ ತುಂಬಬೇಕು ಅನ್ನುವುದು ಮಾತ್ರ. 0 ಇಟ್ಟರೂ 8 ಇಟ್ಟರೂ ಬಿಚ್ಚಿದಾಗ ಸಿಗುವುದು ಅದೇ ಸದ್ದು. ಇದ್ದ 5 ಹಾಗೇ ಇರಲಿ.

ವೇವ್ ಬಿಟ್ಟು ಫ್ಲ್ಯಾಕ್ ಯಾಕೆ? ಜಾಗ ಹೆಚ್ಚುಕಡಿಮೆ ಅರ್ಧದಿಂದ ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ. ಹಾಡಿನ ಹೆಸರು, ಹಾಡಿದವರ ಹೆಸರನ್ನು ಕನ್ನಡದಲ್ಲೇ ಒಳಗೆ ಬರೆದಿಡಬಹುದು. ವೇವ್‌ನಲ್ಲಿ ಈ ಸೌಲಭ್ಯ ಅಷ್ಟಕ್ಕಷ್ಟೇ. ಇನ್ನೊಂದು, ನನಗೆ ಬಹಳ ಇಷ್ಟವಾದದ್ದು: ಫ್ಲ್ಯಾಕ್ ತನ್ನೊಳಗಿನ ಸದ್ದಿಗೆ ಒಂದು ಸೀಲ್ ಹಾಕಿಕೊಂಡಿರುತ್ತದೆ. ಹತ್ತು ವರ್ಷ ಕಳೆದು ಪೆನ್‌ಡ್ರೈವ್ ಕೆಟ್ಟಿದೆಯೋ ಅನ್ನುವ ಅನುಮಾನ ಬಂದರೆ, ಫೈಲ್ ಸರಿಯಾಗಿದೆಯೇ ಅಂತ ಆ ಸೀಲ್ ನೋಡಿ ಹೇಳುವ ತಂತ್ರಾಂಶಗಳಿವೆ. ಫ್ಲ್ಯಾಕ್ ಯಾವ ಕಂಪನಿಯ ಆಸ್ತಿಯೂ ಅಲ್ಲ. 2001ರಿಂದ ಮುಕ್ತವಾಗಿದೆ, 2024ರಲ್ಲಿ ಇಂಟರ್‌ನೆಟ್ ಮಾನದಂಡವಾಗಿಯೂ ಪ್ರಕಟವಾಯಿತು. ಅಜ್ಜಿಯ ಹಾಡನ್ನು ಮೊಮ್ಮಕ್ಕಳು ತೆರೆಯುವ ಕಾಲಕ್ಕೂ ಅದನ್ನು ಓದುವ ತಂತ್ರಾಂಶ ಇರುತ್ತದೆ ಅನ್ನುವ ನಂಬಿಕೆ ನನಗಿದೆ.

ಎಡಿಟ್ ಮಾಡದ ಕಚ್ಚಾ ರೆಕಾರ್ಡಿಂಗನ್ನೂ ಇದೇ ರೀತಿ ಉಳಿಸಿ. ನಾಯಿ ಬೊಗಳಿದ್ದು ಸಮೇತ.

ಹೆಜ್ಜೆ 5: ಹಂಚುವ ಪ್ರತಿ, ಯಾರಿಗೆ ಎಂಥದ್ದು

ಪ್ರತಿ ಸಲವೂ ಮೂಲಪ್ರತಿಯಿಂದಲೇ ಹೊಸ ಪ್ರತಿ ತೆಗೆಯಿರಿ. ಒಂದು ಎಂಪಿ3ಯಿಂದ ಇನ್ನೊಂದು ಎಂಪಿ3 ಬೇಡ.

ಕಾರಿಗೆ, ದೇವಸ್ಥಾನದ ಮೈಕ್‌ಸೆಟ್‌ಗೆ, ದೊಡ್ಡಪ್ಪನ ಹಳೆಯ ಪ್ಲೇಯರಿಗೆ ಎಂಪಿ3. ಅದಕ್ಕಿಂತ ಒಳ್ಳೆಯ ಫಾರ್ಮ್ಯಾಟ್‌ಗಳು ಬಂದು ಎಷ್ಟೋ ವರ್ಷ ಆಯಿತು, ಆದರೆ ಹೆಚ್ಚುಕಡಿಮೆ ಎಲ್ಲ ಕಡೆ ಓಡುವುದು ಇದೊಂದೇ. ಅದರ ಪೇಟೆಂಟ್‌ಗಳೂ 2017ಕ್ಕೆ ಮುಗಿದವು. ಸ್ಟೀರಿಯೋ ಆದರೆ 320 ಕೆಬಿಪಿಎಸ್ ಇಡಿ, ನಿಮಿಷಕ್ಕೆ 2.4 ಎಂಬಿ. ಮೋನೋ ಹಾಡಿಗೆ 128 ಅಥವಾ 160 ಸಾಕು, ಎರಡು ಕಿವಿಗೆ ಹಂಚಬೇಕಾದ ಬಿಟ್‌ಗಳು ಒಂದಕ್ಕೇ ಸಿಗುತ್ತವಲ್ಲ.

ಎಂಪಿ3ಗೆ ಕಷ್ಟ ಕೊಡುವುದು ನಮ್ಮ ತಾಳ, ಖಂಜಿರ, ಘಟದಂಥ ವಾದ್ಯಗಳು. ಥಟ್ಟನೆ ಏಳುವ ಪೆಟ್ಟನ್ನು ಅದು ಸ್ವಲ್ಪ ಹರಡಿಬಿಡುತ್ತದೆ. ಪೆಟ್ಟಿಗೆ ಮೊದಲೇ ಸಣ್ಣ ಸುಯ್ ಸದ್ದು ಬಂದಂತಾಗುತ್ತದೆ. 128 ಸ್ಟೀರಿಯೋದಲ್ಲಿ ಇದು ಕೇಳಿಸುತ್ತದೆ, 320ರಲ್ಲಿ ನನ್ನ ಕಿವಿಗೆ ಗೊತ್ತಾಗುವುದಿಲ್ಲ. ಬರೀ ಗಾಯನ, ತಂಬೂರಿ ಇದ್ದರೆ 192 ಕೂಡ ನಡೆಯುತ್ತದೆ.

ಎಂಪಿ3 ತೆಗೆಯುವ ಮೊದಲು ಹಾಡಿನ ಅತಿ ಜೋರಾದ ಜಾಗ ಮೈನಸ್ 1 ಡೆಸಿಬಲ್‌ನಲ್ಲಿ ನಿಲ್ಲುವಂತೆ ಮಾಡಿ. ಪೂರ್ತಿ ಅಂಚಿಗೆ ಮುಟ್ಟಿಸಿದ್ದರೆ ಎಂಪಿ3 ಆದಮೇಲೆ ಅಂಚು ದಾಟಿ ಒಡೆಯುವುದುಂಟು.

ವಾಟ್ಸಾಪ್‌ನಲ್ಲಿ ಕಳಿಸುವಾಗ ಮೈಕ್ ಗುಂಡಿ ಒತ್ತಿ ಸ್ಪೀಕರ್ ಮುಂದೆ ಹಿಡಿಯುವವರನ್ನು ನೋಡಿದ್ದೇನೆ. ಬೇಡ. ವಾಯ್ಸ್ ಮೆಸೇಜ್ ಓಪಸ್ ಫಾರ್ಮ್ಯಾಟ್‌ನಲ್ಲಿ ಹೋಗುತ್ತದೆ. ಓಪಸ್ ಒಳ್ಳೆಯದೇ, ಆದರೆ ಅಲ್ಲಿ ಮಾತಿಗೆ ಬೇಕಾದಷ್ಟೇ ಇಕ್ಕಟ್ಟಾಗಿ ಇಟ್ಟಿರುತ್ತಾರೆ. ಫೈಲನ್ನು 'ಡಾಕ್ಯುಮೆಂಟ್' ಆಗಿ ಸೇರಿಸಿ ಕಳಿಸಿ, ಇದ್ದದ್ದು ಇದ್ದ ಹಾಗೇ ಮುಟ್ಟುತ್ತದೆ. ಜಿಮೇಲ್‌ನಲ್ಲಿ ಅಟ್ಯಾಚ್‌ಮೆಂಟಿಗೆ 25 ಎಂಬಿ ಮಿತಿ. 320ರ ಹತ್ತು ನಿಮಿಷದ ಹಾಡು ಅದರ ಅಂಚಿಗೆ ಬರುತ್ತದೆ, ಹಾಗಾಗಿ ಉದ್ದದವಕ್ಕೆ ಡ್ರೈವ್ ಲಿಂಕ್ ವಾಸಿ.

ಸ್ಪಾಟಿಫೈ, ಯೂಟ್ಯೂಬ್ ಮುಂತಾದವಕ್ಕೆ ಹಾಡು ಹಾಕುವುದಾದರೆ ವೇವ್ ಅಥವಾ ಫ್ಲ್ಯಾಕ್ ಕೊಡಿ. ನೀವು ಏನು ಕೊಟ್ಟರೂ ಅವರು ಸಾಮಾನ್ಯವಾಗಿ ತಮ್ಮ ಮಿಲ್ಲಿನಲ್ಲಿ ಇನ್ನೊಮ್ಮೆ ಹಾಕುತ್ತಾರೆ. ಯೂಟ್ಯೂಬ್ ಎಎಸಿ ಮತ್ತು ಓಪಸ್ ಮಾಡಿಕೊಳ್ಳುತ್ತದೆ, ಸ್ಪಾಟಿಫೈಯಲ್ಲಿ ಆಗ್ ವಾರ್ಬಿಸ್ ಇದೆ. ಎಂಪಿ3 ಕೊಟ್ಟರೆ ಎರಡು ಪಾಲಿಶ್ ಆಯಿತು ಅಂತ ಲೆಕ್ಕ. ಇನ್ನು, ಹಾಡು ಎದ್ದು ಕೇಳಲಿ ಅಂತ ಸಿಕ್ಕಾಪಟ್ಟೆ ಜೋರು ಮಾಡಿ ಪ್ರಯೋಜನವಿಲ್ಲ. ಸ್ಪಾಟಿಫೈ ಎಲ್ಲ ಹಾಡುಗಳನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಅನ್ನುವ ಅಳತೆ) ಅನ್ನುವ ಒಂದೇ ಮಟ್ಟಕ್ಕೆ ತಂದು ನುಡಿಸುತ್ತದೆ. ಜೋರು ಮಾಡಲು ಹೋಗಿ ಕೆಡಿಸಿದ ದನಿ ಹಾಗೇ ಉಳಿಯುತ್ತದೆ, ಜೋರು ಮಾತ್ರ ಹೋಗುತ್ತದೆ.

ಸಿಡಿ ಮಾಡಿಸುವವರು ಈಗಲೂ ಇದ್ದಾರೆ, ಭಜನಾ ಮಂಡಳಿಗಳಲ್ಲಿ ಮುಖ್ಯವಾಗಿ. ಅವರಿಗೆ 16 ಬಿಟ್, 44.1 ಕಿಲೋಹರ್ಟ್ಸ್ ವೇವ್.

ಶ್ರುತಿ ಲೂಪ್ ಮಾಡುವವರಿಗೆ

ನಿಮ್ಮ ಶ್ರುತಿಗೆ ಒಪ್ಪುವ ತಂಬೂರಿಯನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿ, ಅದನ್ನೇ ಸುತ್ತಿ ಸುತ್ತಿ ನುಡಿಸಿಕೊಂಡು ಅಭ್ಯಾಸ ಮಾಡುವವರಿದ್ದಾರೆ. ಎಡಿಟ್ ಮಾಡುವಾಗ ಲೂಪ್ ನುಣ್ಣಗೆ ತಿರುಗುತ್ತದೆ. ಎಂಪಿ3 ಮಾಡಿ ಫೋನಿಗೆ ಹಾಕಿದರೆ ಸುತ್ತಿಗೊಮ್ಮೆ ಟಕ್ ಅನ್ನುತ್ತದೆ. ತಪ್ಪು ನಿಮ್ಮ ಎಡಿಟಿಂಗಿನದ್ದಲ್ಲ. ಎಂಪಿ3 ಸದ್ದನ್ನು 1,152 ಸ್ಯಾಂಪಲ್‌ಗಳ ತುಂಡುಗಳಲ್ಲಿ ಬರೆಯುತ್ತದೆ. ಕೊನೆಯ ತುಂಡು ತುಂಬದಿದ್ದರೆ ಮೌನ ಸೇರಿಸುತ್ತದೆ, ಶುರುವಿನಲ್ಲೂ ಚೂರು ಮೌನ ಬರುತ್ತದೆ. ಹಾಡಿಗೆ ಇದರಿಂದ ತೊಂದರೆ ಇಲ್ಲ, ಲೂಪಿಗೆ ಮಾತ್ರ ಇದೇ ಶನಿ. ಲೂಪನ್ನು ವೇವ್ ಅಥವಾ ಫ್ಲ್ಯಾಕ್‌ನಲ್ಲೇ ಇಟ್ಟುಕೊಳ್ಳಿ. ಅರ್ಧ ನಿಮಿಷದ ಫೈಲ್, ಎಷ್ಟು ದೊಡ್ಡದಾದೀತು?

ಕಿವಿಗೆ ಒಂದು ಪರೀಕ್ಷೆ

ನನ್ನ ಮಾತು ನಂಬಬೇಕಾಗಿಲ್ಲ. ಒಂದೇ ಹಾಡನ್ನು ಮೂಲಪ್ರತಿಯಿಂದ 128, 192, 320 ಮೂರರಲ್ಲೂ ತೆಗೆಯಿರಿ. ಮನೆಯವರನ್ನು ಕರೆದು, ಯಾವುದು ಅಂತ ಹೇಳದೆ ನುಡಿಸಲು ಹೇಳಿ. ತಂತಿಯ ಹೆಡ್‌ಫೋನ್ ಇರಲಿ, ಬ್ಲೂಟೂತ್ ತಾನೇ ಇನ್ನೊಮ್ಮೆ ಕುಗ್ಗಿಸುತ್ತದೆ. ಹತ್ತು ಸಲ ಕೇಳಿ, ಊಹೆ ಬರೆದಿಡಿ. ಹತ್ತರಲ್ಲಿ ಎಂಟೊಂಬತ್ತು ಸರಿಯಾದರೆ ನಿಮ್ಮ ಕಿವಿ ಚುರುಕು. ಇಲ್ಲವಾದರೆ ಬೇಸರ ಬೇಡ, ಚಿಕ್ಕ ಫೈಲಿನಲ್ಲೇ ಕೆಲಸ ಆಗುತ್ತದೆ ಅಂತ ಗೊತ್ತಾಯಿತಲ್ಲ.

ಹೆಜ್ಜೆ 6: ಹೆಸರು ಬರೆಯಿರಿ, ಹೆಸರು ಹೇಳಿ

'ರೆಕಾರ್ಡಿಂಗ್ 47' ಅಂತ ಬಿಟ್ಟ ಫೈಲ್ ಯಾರ ಹಾಡು ಅಂತ ಎರಡು ವರ್ಷದ ಮೇಲೆ ನಿಮಗೇ ನೆನಪಿರುವುದಿಲ್ಲ. ಫೈಲಿನ ಹೆಸರಿನಲ್ಲಿ ಮೊದಲು ವರ್ಷ, ತಿಂಗಳು, ದಿನ. ಆಮೇಲೆ ಹಾಡು, ಹಾಡಿದವರು. ಫೈಲ್ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಇಡುವುದು ಸದ್ಯಕ್ಕೆ ಕ್ಷೇಮ, ಯಾಕೆಂದರೆ ಎಷ್ಟೋ ಕಾರ್ ಸ್ಟೀರಿಯೋಗಳಲ್ಲಿ ಕನ್ನಡ ಬರೀ ಚೌಕ ಚೌಕವಾಗಿ ಕಾಣುತ್ತದೆ. ಫೈಲಿನೊಳಗೆ ಹೆಸರು, ವಿವರ ಬರೆದಿಡುವ ಟ್ಯಾಗ್‌ಗಳಲ್ಲಿ ಕನ್ನಡವನ್ನೇ ಬರೆಯಿರಿ. ಫ್ಲ್ಯಾಕ್‌ನಲ್ಲಿ ಯೂನಿಕೋಡ್ ನೇರವಾಗಿ ಕೂರುತ್ತದೆ. ಎಂಪಿ3ಯ ಟ್ಯಾಗ್ ಪದ್ಧತಿಯ ಹೆಸರು ಐಡಿ3, ಅದರ ಆವೃತ್ತಿ 2.3 ಅಥವಾ 2.4 ಇರಲಿ. ಹಳೆಯ ಆವೃತ್ತಿ 1ರಲ್ಲಿ ಹಾಡಿನ ಹೆಸರಿಗೆ ಸಿಗುವುದು 30 ಅಕ್ಷರದ ಜಾಗ, ಅದರಲ್ಲಿ ಕನ್ನಡಕ್ಕೆ ಎಡೆಯೇ ಇಲ್ಲ.

ಟ್ಯಾಗ್‌ಗಳು ಫಾರ್ಮ್ಯಾಟ್ ಬದಲಿಸುವಾಗ ಕಳೆದುಹೋಗುವುದುಂಟು. ಅದಕ್ಕೊಂದು ಹಳೆಯ ಉಪಾಯ ಇದೆ. 1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನ್‌ಗೆ ಹಾಡಿದ ಗೌಹರ್ ಜಾನ್, ಮುಂದೆ ಮೈಸೂರಿನಲ್ಲಿ 1930ರಲ್ಲಿ ತೀರಿಕೊಂಡವರು, ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ತಟ್ಟೆಯ ಮೇಲಿನ ಚೀಟಿ ಹರಿದುಹೋದರೂ ಆ ದನಿ ಉಳಿಯಿತು. ನೀವೂ ರೆಕಾರ್ಡ್ ಒತ್ತಿದ ಮೇಲೆ ಮೊದಲು ಹೇಳಿಸಿ: ಹೆಸರು, ಊರು, ತಾರೀಖು, ಈ ಪದ ಯಾರಿಂದ ಕಲಿತದ್ದು. ಹಂಚುವ ಪ್ರತಿಯಲ್ಲಿ ಕತ್ತರಿಸಿ, ಮೂಲಪ್ರತಿಯಲ್ಲಿ ಇರಲಿ.

ಹೆಜ್ಜೆ 7: ಎರಡು ಜಾಗದಲ್ಲಿ ಇಡಿ

ಐದು ನಿಮಿಷದ 100 ಹಾಡು 24 ಬಿಟ್ ಸ್ಟೀರಿಯೋ ವೇವ್‌ನಲ್ಲಿ ಸುಮಾರು 8.6 ಜಿಬಿ. ಫ್ಲ್ಯಾಕ್ ಮಾಡಿದರೆ ಗೂಗಲ್ ಡ್ರೈವ್ ಪುಕ್ಕಟೆ ಕೊಡುವ 15 ಜಿಬಿಯಲ್ಲಿ ಆರಾಮಾಗಿ ಹಿಡಿಯುತ್ತದೆ, ಫೋಟೋಗಳು ಅದನ್ನು ಆಗಲೇ ತಿಂದುಹಾಕಿರದಿದ್ದರೆ. ಇನ್ನೊಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿರಲಿ, ಆದಷ್ಟೂ ಬೇರೆ ಮನೆಯಲ್ಲಿ. ನನ್ನದು ತಂಗಿಯ ಮನೆಯ ಬೀರುವಿನಲ್ಲಿದೆ.

ನಕಲು ಮಾಡಿದ ಮೇಲೆ ಫೋನಿನಿಂದ ಅಳಿಸುವ ಮೊದಲು ಎರಡೂ ಕಡೆಯ ಫೈಲ್ ತೆರೆದು, ಕೊನೆಯ ಹತ್ತು ಸೆಕೆಂಡ್ ಕೇಳಿ. ಅರ್ಧಕ್ಕೆ ನಿಂತ ನಕಲು ಶುರುವಿನಲ್ಲಿ ಚೆನ್ನಾಗಿಯೇ ನುಡಿಯುತ್ತಿರುತ್ತದೆ.